ಬೆಂಗಳೂರಿನಿಂದ ಮೈಸೂರಿಗೆ ಒಂದೇ ಹಡಗು

19ನೇ ಶತಮಾನದಲ್ಲಿ ಬಹುಕಾಲ ಮದರಾಸಿಗೆ ಬಂದ ಹಡಗು ದಡ ಮುಟ್ಟುವಂತಿರಲಿಲ್ಲ. ದೂರದಲ್ಲೇ ಲಂಗರು ಹಾಕಿ ಸರಕನ್ನು ಮಸೂಲಾ ದೋಣಿಗೆ ಇಳಿಸಬೇಕಿತ್ತು. ಆ ದೋಣಿಗೆ ಒಂದು ಮೊಳೆಯೂ ಇಲ್ಲ. ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದಿರುತ್ತಿದ್ದರು. ಅಲೆ ಅಪ್ಪಳಿಸಿದರೆ ಬಳುಕುತ್ತಿತ್ತು, ಒಡೆಯುತ್ತಿರಲಿಲ್ಲ. ಕೊನೆಗೂ ಬಂದರು ಕಟ್ಟಿ ಇನ್ನೇನು ಮುಗಿಯಿತು ಅನ್ನುವಾಗ, 1881ರ ನವೆಂಬರಿನ ಚಂಡಮಾರುತ ಅದನ್ನು ಒಡೆದುಹಾಕಿತು.

ಅದೇ ದಡದಲ್ಲಿ 1983ರಲ್ಲಿ ದೇಶದ ಮೊದಲ ಕಂಟೇನರ್ ಟರ್ಮಿನಲ್ ಶುರುವಾಯಿತು. 20 ಅಡಿ ಉದ್ದದ ಒಂದು ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗ. 60 ಕೆ.ಜಿ.ಯ ಕಾಫಿ ಮೂಟೆಗಳಾದರೆ 320 ಹಿಡಿಯುತ್ತವೆ, ಅಂದರೆ 19 ಟನ್ನಿಗೂ ಮಿಗಿಲು. ಕಂಟೇನರ್ ಸಾಗಣೆಗೆ ನಾಂದಿ ಹಾಡಿದ, 1934ರಲ್ಲಿ ಒಂದು ಹಳೇ ಲಾರಿಯಿಂದ ಬದುಕು ಶುರುಮಾಡಿದ ಅಮೆರಿಕದ ಮಾಲ್ಕಮ್ ಮೆಕ್‌ಲೀನ್ 1956ರ ಏಪ್ರಿಲ್ 26ರಂದು ಹಡಗಿನಲ್ಲಿ ಕಳಿಸಿದ್ದು 58 ಕಂಟೇನರ್. ಇವತ್ತಿನ ಅತಿ ದೊಡ್ಡ ಹಡಗು 20 ಅಡಿಯ 24,000 ಹೊರುತ್ತದೆ. ಅಷ್ಟನ್ನೂ ಒಂದರ ಹಿಂದೊಂದು ನಿಲ್ಲಿಸಿದರೆ 146 ಕಿ.ಮೀ.! ಬೆಂಗಳೂರಲ್ಲಿ ಶುರುವಾದ ಸಾಲು ಮೈಸೂರು ಮುಟ್ಟುತ್ತದೆ. ಅಂಥ ಹಡಗು ಚೆನ್ನೈಗೆ ಬರುವುದಿಲ್ಲ. ಇಲ್ಲಿಂದ ಹೊರಟ ಎಷ್ಟೋ ಕಂಟೇನರುಗಳು ಕೊಲಂಬೊದಲ್ಲೋ ಸಿಂಗಪುರದಲ್ಲೋ ದೊಡ್ಡ ಹಡಗು ಹತ್ತುತ್ತವೆ.

ನನಗೆ ಇದಕ್ಕಿಂತ ದೊಡ್ಡ ಬೆರಗು ಚೆನ್ನೈ ಬಂದರಿನ ಎದುರಿನ ಜಾರ್ಜ್ ಟೌನಿನಲ್ಲಿದೆ. ತಂಬು ಚೆಟ್ಟಿ ಬೀದಿ, ಲಿಂಗಿ ಚೆಟ್ಟಿ ಬೀದಿಗಳಲ್ಲಿ, ಬೇರೆಯವರ ಮಾಲನ್ನು ಕಸ್ಟಮ್ಸ್ ದಾಟಿಸಿ ಕಳಿಸಿಕೊಡುವ ಕ್ಲಿಯರಿಂಗ್, ಫಾರ್ವರ್ಡಿಂಗ್ ಏಜೆಂಟರ ಕಚೇರಿಗಳಿವೆ. ಇವರಿಗೆ ಹಡಗಿಲ್ಲ, ರೈಲಿಲ್ಲ, ಅನೇಕರಿಗೆ ಸ್ವಂತ ಲಾರಿಯೂ ಇಲ್ಲ. ಒಂದು ಮೇಜು, ಕಸ್ಟಮ್ಸ್ ಲೈಸೆನ್ಸು, ಮಾಲು ಕೊಟ್ಟವರ ನಂಬಿಕೆ: ಇಷ್ಟಿದ್ದರೆ ಕಂಪನಿ ಹುಟ್ಟುತ್ತದೆ. ಬೆಳೆಯುವುದು ಕೂಡಿಸುವುದರಿಂದ. ಇಡೀ ಕಂಟೇನರನ್ನು ಬಾಡಿಗೆಗೆ ಹಿಡಿದು, ಒಳಗಿನ ಜಾಗವನ್ನು ಹತ್ತಾರು ಜನರಿಗೆ ಚಿಲ್ಲರೆಯಾಗಿ ಹಂಚುತ್ತಾರೆ. ಆಂಬೂರಿನ ಬೂಟಿನ ಪಕ್ಕದಲ್ಲೇ ಇನ್ನಾರದೋ ಯಂತ್ರದ ಬಿಡಿಭಾಗ ಕೂರುತ್ತದೆ. ಬಾಗಿಲು ಮುಚ್ಚಿ ನಂಬರಿರುವ ಬೋಲ್ಟ್ ಸೀಲು ಒತ್ತಿದರೆ ಮುಗಿಯಿತು, ಕತ್ತರಿಸದೆ ಅದು ಬಿಡುವುದಿಲ್ಲ.

ಹಳೇ ಮೈಸೂರು ರಸ್ತೆಯ ಆ 146 ಕಿ.ಮೀ. ಸಾಲು ಚನ್ನಪಟ್ಟಣವನ್ನು ಹಾದೇ ಹೋಗಬೇಕು. ಅಲ್ಲಿ ಗೊಂಬೆ ಮಾಡುವವರು ಹತ್ತೇ ರಟ್ಟಿನ ಡಬ್ಬ ಕಳಿಸಿದರೂ ಆ ಸಾಲಿನಲ್ಲಿ ಜಾಗ ಇದೆ. ಬಾಡಿಗೆ 1 ಘನ ಮೀಟರಿಗೆ ಅಥವಾ 1 ಟನ್ನಿಗೆ, ಯಾವುದು ಹೆಚ್ಚೋ ಅದಕ್ಕೆ.