ಬಾಯಿ ಯಾವ ಕಡೆ? ಕಿರು ಚಿಪ್ಪುಗಳಿಂದ ವರ್ಗೀಕರಣದ ಪಾಠ

ಬೋಧನಾಭ್ಯಾಸದಲ್ಲಿ ಒಂಬತ್ತನೆಯ ತರಗತಿಗೆ ಜೀವಿಗಳ ವರ್ಗೀಕರಣ ಕಲಿಸಲು ನಾನು ಆರಿಸಿಕೊಂಡದ್ದು ಮೆಡಿಟರೇನಿಯನ್ ಸಮುದ್ರದ ಕಿರು ಬಸವನಹುಳುಗಳನ್ನು. ಪಾಠ ಯೋಜನೆ ನೋಡಿದ ಮಾರ್ಗದರ್ಶಕರು, "ಅಷ್ಟು ದೂರ ಯಾಕೆ ಹೋದಿರಿ?" ಎಂದರು. ಹಸು, ಕಾಗೆ ಎಂದರೆ ಮಕ್ಕಳು ನೋಡದೆಯೇ ಗುಂಪು ಮಾಡಿಬಿಡುತ್ತಾರೆ. ಹೆಸರೇ ಗೊತ್ತಿಲ್ಲದ ಚಿಪ್ಪಾದರೆ ಕಣ್ಣಿಟ್ಟು ನೋಡಲೇಬೇಕು ಎಂದೆ.

ಇವುಗಳಲ್ಲಿ ಹಲವು ಅಕ್ಕಿಕಾಳಿಗಿಂತ ಚಿಕ್ಕವು. ಪಾಚಿಗಳ ನಡುವೆ, ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಎಲೆಗಳ ಮೇಲೆ ಬದುಕುತ್ತವೆ. ದೊಡ್ಡದಾಗಿ ಮುದ್ರಿಸಿದ ಚಿತ್ರಗಳನ್ನು ಐದು ಗುಂಪುಗಳಿಗೆ ಹಂಚಿದೆ. ಎಲ್ಲ ಗುಂಪುಗಳೂ ಮೊದಲು ಬಣ್ಣದ ಪ್ರಕಾರವೇ ಜೋಡಿಸಿದವು. ಆದರೆ ಸತ್ತ ಹುಳುವಿನ ಚಿಪ್ಪಿನ ಬಣ್ಣ ಮಾಸುತ್ತದೆ, ಬಣ್ಣವೊಂದನ್ನೇ ನಂಬುವಂತಿಲ್ಲ. ಆಗ ಮೂರು ಪ್ರಶ್ನೆ ಕೊಟ್ಟೆ.

ಮೊದಲನೆಯದು, ಬಾಯಿ ಯಾವ ಕಡೆ? ಚೂಪಾದ ಶಿಖರ ಮೇಲಿರಲಿ, ಬಾಯಿ ನಮ್ಮತ್ತ ಇರಲಿ. ಹೆಚ್ಚಿನವುಗಳ ಬಾಯಿ ಬಲಕ್ಕಿರುತ್ತದೆ. ಟ್ರೈಫೋರಿಡೇ ಕುಟುಂಬದ ಬಹುಪಾಲು ಚಿಪ್ಪುಗಳಲ್ಲಿ ಎಡಕ್ಕೆ. ಸೆರಿಥಿಯೋಪ್ಸಿಡೇ ಕುಟುಂಬದವೂ ಹಾಗೆಯೇ ಸಪೂರ, ಮೈಮೇಲೆ ಮಣಿ ಪೋಣಿಸಿದಂತಹ ಸಾಲು. ಎರಡೂ ಸ್ಪಂಜುಜೀವಿಗಳನ್ನು ತಿನ್ನುತ್ತವೆ. ಆದರೆ ಇವುಗಳ ಬಾಯಿ ಬಲಕ್ಕೆ.

ಎರಡನೆಯದು, ಮೈಮೇಲೆ ಏನಿದೆ, ತುಟಿ ಹೇಗಿದೆ? ರಿಸೊಯಿಡೇ ಕುಟುಂಬದ ಆಲ್ವೇನಿಯಾದಲ್ಲಿ ಸಾಮಾನ್ಯವಾಗಿ ಉದ್ದ ಏಣುಗಳೂ ಅಡ್ಡ ಗೆರೆಗಳೂ ಸೇರಿ ಬಲೆಯಂತೆ ಕಾಣುತ್ತವೆ. ಬೆಳೆದವುಗಳ ಹೊರತುಟಿ ದಪ್ಪ. ತುಟಿ ತೆಳುವಾಗಿದ್ದರೆ ಅದು ಬೇರೊಂದು ದೊಡ್ಡ ಜಾತಿಯ ಮರಿಯೂ ಆಗಿರಬಹುದು.

ಮೂರನೆಯದು, ಶಿಖರದ ತುದಿ ಹೇಗಿದೆ? ಅದು ಹುಳುವಿನ ಮೊಟ್ಟಮೊದಲ ಚಿಪ್ಪು. ಅಲ್ಲಿ ಸಣ್ಣ ಸುತ್ತುಗಳು ಹಲವಿದ್ದರೆ, ಅದರ ಡಿಂಬ ಪ್ಲವಕಗಳನ್ನು ತಿನ್ನುತ್ತ ಬಹುಕಾಲ ನೀರಲ್ಲಿ ತೇಲಿತ್ತೆಂದು ತಿಳಿಯಬಹುದು. ಸುತ್ತು ಕಡಿಮೆ, ತುದಿ ಉಬ್ಬಿದ್ದರೆ ಹಾಗೆ ತೇಲಿಲ್ಲ. ಟ್ರೈಫೋರಾ ಪರ್ವರ್ಸಾ ಎಂಬ ಒಂದೇ ಹೆಸರಿನಡಿ ಹಲವು ಪ್ರಭೇದಗಳು ಅಡಗಿವೆ ಎಂದು 1978ರಲ್ಲಿ ಬೂಷೆ ಮತ್ತು ಗಿಯೆಮೊ ತೋರಿಸಿದ್ದು ಇಂತಹ ಸೂಕ್ಷ್ಮ ಲಕ್ಷಣಗಳಿಂದಲೇ.

ನಾನು ಎಡವಿದ್ದು ಮೊದಲ ಪ್ರಶ್ನೆಯಲ್ಲಿ. ಒಬ್ಬ ಹುಡುಗಿ ಎದ್ದು, "ಮಿಸ್, ಬಲಮುರಿ ಶಂಖ ಶ್ರೇಷ್ಠ ಅಂತ ನಮ್ಮಜ್ಜಿ ಹೇಳ್ತಾರೆ. ಅದು ಈ ಎಡಬಾಯಿ ಚಿಪ್ಪಿಗೆ ಉಲ್ಟಾ ಅಲ್ವಾ?" ಎಂದಳು. ಯೋಚಿಸದೆ "ಹೌದು" ಎಂದುಬಿಟ್ಟೆ. ರಾತ್ರಿ ಅನುಮಾನ ಬಂದು ಓದಿದೆ. ಸಂಪ್ರದಾಯದಲ್ಲಿ ಶಂಖದ ಕೊಳವೆಯಂತಹ ತುದಿಯನ್ನು ಮೇಲೆ ಮಾಡಿ ನೋಡುತ್ತಾರೆ, ಪ್ರಾಣಿಶಾಸ್ತ್ರದಲ್ಲಿ ಶಿಖರವನ್ನು. ತಲೆಕೆಳಗಾದಾಗ ಬಾಯಿಯ ಕಡೆ ಬದಲಾಗುತ್ತದೆ. ಹಾಗಾಗಿ ನಮ್ಮ ಬಲಮುರಿ ಶಾಸ್ತ್ರದ ಲೆಕ್ಕದಲ್ಲಿ ಎಡಸುರುಳಿ. ಆ ಎಡಬಾಯಿ ಚಿಪ್ಪಿನ ಹಾಗೆಯೇ!

ಮರುದಿನ ಮೊದಲ ಮಾತೇ, "ನಿನ್ನೆ ನಾನು ಹೇಳಿದ್ದು ತಪ್ಪು." ಶಂಖದ ಚಿತ್ರವೊಂದನ್ನು ಕೊಟ್ಟು ತಲೆಕೆಳಗು ಮಾಡಿ ನೋಡಲು ಹೇಳಿದೆ. ಒಂದು ಗುಂಪು ಕೂಡಲೇ ತನ್ನ ಹಿಂದಿನ ದಿನದ ವಿಂಗಡಣೆ ತೆಗೆದು, ತಲೆಕೆಳಗಾಗಿ ಅಂಟಿಸಿದ್ದ ಚಿತ್ರವನ್ನು ತಾನೇ ಪತ್ತೆಹಚ್ಚಿತು. ಪ್ರಶ್ನೆ ಕೇಳಿದ ಹುಡುಗಿ, "ಅಜ್ಜೀದೂ ಸರಿ, ಪುಸ್ತಕದ್ದೂ ಸರಿ, ಹಿಡಿಯೋದು ಬೇರೆ ಅಷ್ಟೇ" ಎಂದಳು.

ಸಹಪಾಠಿಗಳಿಗೆ ಒಂದು ಮಾತು: ಲಕ್ಷಣಗಳ ಪಟ್ಟಿಗೆ ಮೊದಲು, ವಸ್ತುವನ್ನು ಹೇಗೆ ಹಿಡಿದು ನೋಡಬೇಕೆಂಬುದನ್ನು ಪಾಠ ಯೋಜನೆಯಲ್ಲಿ ಬರೆಯಿರಿ. ನನ್ನ ಯೋಜನೆಯಲ್ಲಿ ಈಗ ಅದೇ ಮೊದಲ ಸಾಲು.