ಆಂತರಿಕ ಲೆಕ್ಕಪರಿಶೋಧಕನ ವೃತ್ತಿಧರ್ಮ

ಲೆಕ್ಕಪರಿಶೋಧನೆಯೆಂದೊಡನೆ ವರ್ಷಾಂತ್ಯದಲ್ಲಿ ಹೊರಗಿನಿಂದ ಬಂದು, ವಹಿಗಳನ್ನು ನೋಡಿ, ರುಜು ಹಾಕಿ ತೆರಳುವ ಪರಿಶೋಧಕನೇ ಸಾಮಾನ್ಯವಾಗಿ ನೆನಪಿಗೆ ಬರುತ್ತಾನೆ. ಆಂತರಿಕ ಪರಿಶೋಧಕನ ಸ್ಥಿತಿಯೇ ಬೇರೆ. ಅನೇಕ ಕಡೆಗಳಲ್ಲಿ ಆತನು ಸಂಸ್ಥೆಯ ಸಂಬಳವನ್ನೇ ಪಡೆಯುವವನು. ಯಾರ ಕಾರ್ಯವನ್ನು ಪರೀಕ್ಷಿಸಬೇಕೋ ಅವರೊಡನೆಯೇ ದಿನನಿತ್ಯ ಕುಳಿತೇಳುವವನು. ಉಂಡ ಮನೆಯ ಜಂತೆ ಎಣಿಸಬಾರದೆಂಬುದು ಲೋಕರೂಢಿ. ಜಂತೆ ಎಣಿಸುವುದೇ ಈತನ ಉದ್ಯೋಗ!

1941ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಆಂತರಿಕ ಪರಿಶೋಧಕರ ಸಂಸ್ಥೆಯು ತನ್ನ ನೀತಿಸಂಹಿತೆಯಲ್ಲಿ ಬಹುಕಾಲ ನಾಲ್ಕು ತತ್ತ್ವಗಳನ್ನು ಹೇಳುತ್ತಿತ್ತು: ಪ್ರಾಮಾಣಿಕತೆ, ನಿಷ್ಪಕ್ಷಪಾತ ದೃಷ್ಟಿ, ಗೌಪ್ಯಪಾಲನೆ ಮತ್ತು ಸಾಮರ್ಥ್ಯ. 2025ರ ಜನವರಿಯಿಂದ ಜಾರಿಗೆ ಬಂದ ಮಾನದಂಡಗಳಲ್ಲಿ ವೃತ್ತಿಗೆ ತಕ್ಕ ಎಚ್ಚರಿಕೆಯೂ ಪ್ರತ್ಯೇಕ ತತ್ತ್ವವಾಗಿ ಸೇರಿದೆ. ಇವನ್ನು ಬಾಯಿಪಾಠ ಮಾಡುವುದು ಸುಲಭ. ಒಂದು ತತ್ತ್ವವು ಮಾತನಾಡೆಂದು, ಇನ್ನೊಂದು ಸುಮ್ಮನಿರೆಂದು ಹೇಳುವ ಪ್ರಸಂಗ ಬಂದಾಗಲೇ ಕಷ್ಟ.

ಅಂತಹ ಪ್ರಸಂಗವೊಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಿಂಟನ್ನಿನಲ್ಲಿ 2002ರಲ್ಲಿ ಒದಗಿತು. ವರ್ಲ್ಡ್‌ಕಾಮ್ ಎಂಬ ದೂರವಾಣಿ ಕಂಪನಿಯ ಮುಖ್ಯ ಕಚೇರಿ ಅಲ್ಲಿತ್ತು. ಅದರ ಆಂತರಿಕ ಪರಿಶೋಧನಾ ವಿಭಾಗದ ಮುಖ್ಯಸ್ಥೆ ಸಿಂಥಿಯಾ ಕೂಪರ್. ಇತರ ಕಂಪನಿಗಳ ತಂತಿಮಾರ್ಗಗಳನ್ನು ಬಳಸಿದ್ದಕ್ಕೆ ತೆತ್ತ ಶುಲ್ಕವನ್ನು ಆ ಕಂಪನಿಯು ಚಾಲ್ತಿ ಖರ್ಚೆಂದು ತೋರಿಸದೆ, ಬಂಡವಾಳ ವೆಚ್ಚವೆಂದು ಬರೆದು ಆಸ್ತಿಗಳ ಪಟ್ಟಿಗೆ ಸೇರಿಸಿತ್ತು. ಬಾಡಿಗೆ ಕೊಟ್ಟವನು ಮನೆಯನ್ನೇ ಕೊಂಡೆನೆಂದು ಬರೆದುಕೊಂಡಂತೆ. 2001ನೆಯ ವರ್ಷದಲ್ಲಿಯೂ 2002ರ ಮೊದಲ ಮೂರು ತಿಂಗಳಲ್ಲಿಯೂ ಹೀಗೆ ಸರಿಸಿದ ಮೊತ್ತ 380 ಕೋಟಿ ಡಾಲರಿಗೂ ಮಿಗಿಲು.

ಕೂಪರ್ ಅವರ ಮೇಲಧಿಕಾರಿಯು ಕಂಪನಿಯ ಮುಖ್ಯ ಹಣಕಾಸು ಅಧಿಕಾರಿ ಸ್ಕಾಟ್ ಸಲ್ಲಿವನ್. ಲೆಕ್ಕ ಹೀಗೆ ಬರೆಯಿಸಿದವರೂ ಅವರೇ. ಪರಿಶೋಧನೆಯನ್ನು ಕೆಲವು ತಿಂಗಳು ಮುಂದೂಡಬೇಕೆಂದು ಅವರು ಸೂಚಿಸಿದರು. ಕೂಪರ್ ಒಪ್ಪಲಿಲ್ಲ. ಆಕೆಯ ತಂಡ ರಾತ್ರಿಯ ವೇಳೆ ಕುಳಿತು ಗಣಕಯಂತ್ರದಲ್ಲಿನ ಜಮಾಖರ್ಚುಗಳನ್ನು ಒಂದೊಂದಾಗಿ ಹುಡುಕಿತು. ಸಾಮರ್ಥ್ಯವೆಂಬ ತತ್ತ್ವದ ಬೆಲೆ ಇಲ್ಲಿ ತಿಳಿಯುತ್ತದೆ, ಏಕೆಂದರೆ ಆ ಯಂತ್ರದೊಳಗೆ ಇಳಿಯಲರಿಯದವರ ಪ್ರಾಮಾಣಿಕತೆಗೆ ಅಲ್ಲಿ ಮಾಡಲು ಏನೂ ಇರಲಿಲ್ಲ. ಬಳಿಕ ಆಕೆ ಲೆಕ್ಕ ಬರೆದವರನ್ನೇ ಕಂಡು ಆಧಾರಪತ್ರಗಳನ್ನು ಕೇಳಿದರು. ಆಧಾರವಿಲ್ಲವೆಂಬ ಉತ್ತರ ಅವರ ಬಾಯಿಂದಲೇ ಬಂದಿತು. ಎದುರು ಪಕ್ಷದ ಮಾತನ್ನು ಕೇಳದೆ ತೀರ್ಮಾನಕ್ಕೆ ಬರಬಾರದೆಂಬುದೂ ನಿಷ್ಪಕ್ಷಪಾತದ ಅಂಗವೇ.

ವಿಷಯವನ್ನು ಎಲ್ಲಿಗೆ ಒಯ್ಯಬೇಕು? ಪತ್ರಿಕೆಗೆ ಒಯ್ದರೆ ಗೌಪ್ಯಭಂಗ. ಮೇಲಧಿಕಾರಿಯ ಬಳಿಯೇ ಬಿಟ್ಟರೆ ಸತ್ಯಭಂಗ. ಆಕೆ ಆಡಳಿತ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರ ಮುಂದೆ ಅದನ್ನಿಟ್ಟರು. ಸಲ್ಲಿವನ್ ಅವರಿಗೆ ಸಮರ್ಥನೆ ನೀಡಲು ಅವಕಾಶ ದೊರೆಯಿತು, ಸಮರ್ಥನೆ ನಿಲ್ಲಲಿಲ್ಲ. ಜೂನ್ 25ರಂದು ಕಂಪನಿಯೇ ತಪ್ಪನ್ನು ಪ್ರಕಟಿಸಿತು. ಜುಲೈ 21ರಂದು ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿತು. ಸಹಸ್ರಾರು ನೌಕರರು ಕೆಲಸ ಕಳೆದುಕೊಂಡರು. ಕೂಪರ್ ಅವರ ನಡೆ ಅವರ ಸಹೋದ್ಯೋಗಿಗಳೆಲ್ಲರಿಗೂ ಹಿತವಾಗಿತ್ತೆಂದು ಹೇಳಲಾಗದು.

ಮುಖ್ಯ ಕಾರ್ಯನಿರ್ವಾಹಕ ಬರ್ನಾರ್ಡ್ ಎಬ್ಬರ್ಸ್ ಅವರಿಗೆ 2005ರಲ್ಲಿ 25 ವರ್ಷಗಳ, ಸಲ್ಲಿವನ್ ಅವರಿಗೆ 5 ವರ್ಷಗಳ ಸೆರೆವಾಸ ವಿಧಿಸಲಾಯಿತು. ಇವರಿಗಿಂತಲೂ ಮನಸ್ಸನ್ನು ಕಲಕುವುದು ಲೆಕ್ಕವಿಭಾಗದ ಮಧ್ಯಮ ದರ್ಜೆಯ ನೌಕರರ ಗತಿ. ತಪ್ಪೆಂದು ತಿಳಿದೂ ಆಜ್ಞೆಗೆ ಮಣಿದು ಬರೆದವರು ಅವರು. ನ್ಯಾಯಾಲಯ ಅವರನ್ನೂ ಬಿಡಲಿಲ್ಲ.

ಭಾರತದ 2013ರ ಕಂಪನಿ ಅಧಿನಿಯಮದ 138ನೆಯ ಕಲಮು ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಿಗೂ ನಿಯಮಿತ ವರ್ಗದ ಇತರ ಕಂಪನಿಗಳಿಗೂ ಆಂತರಿಕ ಪರಿಶೋಧಕನ ನೇಮಕವನ್ನು ಕಡ್ಡಾಯಗೊಳಿಸಿದೆ. ಆತನು ಕಂಪನಿಯ ನೌಕರನೇ ಆಗಿರಲೂ ನಿಯಮಗಳು ಅವಕಾಶವೀಯುತ್ತವೆ. ಆದರೆ ಪರಿಶೋಧನೆಯ ವ್ಯಾಪ್ತಿ, ವಿಧಾನ, ಅವಧಿಗಳನ್ನು ಪರಿಶೋಧಕನೊಡನೆ ಸಮಾಲೋಚಿಸಿ ನಿಶ್ಚಯಿಸಬೇಕಾದವರು ಲೆಕ್ಕಪರಿಶೋಧನಾ ಸಮಿತಿ ಅಥವಾ ಆಡಳಿತ ಮಂಡಳಿ, ಹಣಕಾಸು ಅಧಿಕಾರಿಯಲ್ಲ.