ಎರಡು ಕಚೇರಿ ಒಂದಾದಾಗ

ನಿಮ್ಮ ಮನೆಮುಂದಿನ ಕಸವನ್ನು ಒಂದು ಕಚೇರಿಯವರು ಒಯ್ಯುತ್ತಾರೆ. ಒಯ್ದ ಕಸವನ್ನು ಏನು ಮಾಡಬೇಕೆಂದು ಇನ್ನೊಂದು ಕಚೇರಿಯವರು ತೀರ್ಮಾನಿಸುತ್ತಾರೆ ಎಂದಿಟ್ಟುಕೊಳ್ಳಿ. ಕಸ ಕೊಳೆತು ನಾರಿದರೆ ನೀವು ಯಾರಲ್ಲಿ ದೂರು ಹೇಳುವಿರಿ? ಇಂಗ್ಲೆಂಡಿನ ಅನೇಕ ಕಡೆ ಜನರು 1974ರಿಂದ ಎದುರಿಸುತ್ತ ಬಂದ ಗೊಂದಲವಿದು.

ಅಲ್ಲಿ ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಅದರೊಳಗಿನ ಡಿಸ್ಟ್ರಿಕ್ಟ್ ನಮ್ಮ ತಾಲೂಕಿನ ಹಾಗೆ. ಎರಡಕ್ಕೂ ಚುನಾಯಿತ ಮಂಡಳಿಗಳು. ಶಾಲೆ, ರಸ್ತೆ, ಗ್ರಂಥಾಲಯ, ವೃದ್ಧರ ಆರೈಕೆ, ಕಸದ ವಿಲೇವಾರಿ ಕೌಂಟಿಯ ಹೊಣೆ. ಕಸ ಎತ್ತುವುದು, ವಸತಿ, ಮನೆ ಕಟ್ಟಲು ಪರವಾನಿಗೆ ಡಿಸ್ಟ್ರಿಕ್ಟಿನ ಹೊಣೆ. ತೆರಿಗೆಯ ಬಿಲ್ಲು ಕಳಿಸುವುದು ಡಿಸ್ಟ್ರಿಕ್ಟ್. ವಸೂಲಾದ ಹಣದ ದೊಡ್ಡ ಪಾಲು ಹೋಗುವುದು ಕೌಂಟಿಗೆ.

ಈ ಎರಡನ್ನೂ ರದ್ದುಮಾಡಿ ಎಲ್ಲ ಕೆಲಸವನ್ನೂ ಒಂದೇ ಮಂಡಳಿಗೆ ಒಪ್ಪಿಸುವುದೇ ಏಕಸ್ತರ ವ್ಯವಸ್ಥೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್ 1996ರಲ್ಲಿ ಒಂದೇ ಏಟಿಗೆ ಇದನ್ನು ಜಾರಿಗೆ ತಂದವು. ಇಂಗ್ಲೆಂಡು ಕಂತುಕಂತಾಗಿ ತರುತ್ತಿದೆ. 2009ರಲ್ಲಿ ಕಾರ್ನ್‌ವಾಲ್, ವಿಲ್ಟ್‌ಷೈರ್ ಮುಂತಾದ ಕಡೆ, 2023ರಲ್ಲಿ ನಾರ್ತ್ ಯಾರ್ಕ್‌ಷೈರಿನಲ್ಲಿ ಬಂತು. ಈ ಕೊನೆಯದರಲ್ಲಿ ಒಂದು ಕೌಂಟಿ ಮತ್ತು ಏಳು ಡಿಸ್ಟ್ರಿಕ್ಟುಗಳ ಮಂಡಳಿಗಳು ಸೇರಿ ಒಂದಾದವು. 2024ರ ಡಿಸೆಂಬರಿನ ಶ್ವೇತಪತ್ರದಲ್ಲಿ ಅಲ್ಲಿನ ಸರಕಾರ, ಎರಡು ಸ್ತರ ಉಳಿದಿದ್ದ ಕಡೆಗಳಲ್ಲೂ ಸುಮಾರು 5 ಲಕ್ಷ ಅಥವಾ ಹೆಚ್ಚು ಜನರಿಗೆ ಒಂದು ಮಂಡಳಿ ಇರಲಿ ಎಂದಿತು.

ಇದರಿಂದ ಲಾಭವಿಲ್ಲವೇ? ಇದೆ. ಒಬ್ಬ ಮುಖ್ಯಾಧಿಕಾರಿ, ಒಂದು ಲೆಕ್ಕಪತ್ರ, ದೂರು ಕೊಡಲು ಒಂದೇ ಬಾಗಿಲು. ಆದರೆ ಆ ಬಾಗಿಲು ದೂರವಾಗುತ್ತದೆ. ಸದಸ್ಯರ ಸಂಖ್ಯೆ ಇಳಿದು ಒಬ್ಬೊಬ್ಬರ ಪಾಲಿಗೆ ಬರುವ ಮತದಾರರು ಹೆಚ್ಚುತ್ತಾರೆ. ವಿಲ್ಟ್‌ಷೈರ್ ಒಂದಾದಾಗ ಸಾಲ್ಸ್‌ಬರಿ ಪಟ್ಟಣ ತನ್ನ ಡಿಸ್ಟ್ರಿಕ್ಟ್ ಮಂಡಳಿಯನ್ನು ಕಳೆದುಕೊಂಡಿತು. ಅದೇ 2009ರಲ್ಲಿ ಆ ಊರಿಗೆಂದೇ, ನಮ್ಮ ಗ್ರಾಮ ಪಂಚಾಯತಿನ ಮಟ್ಟದ ಹೊಸ ಮಂಡಳಿಯೊಂದನ್ನು ರಚಿಸಬೇಕಾಯಿತು. ಮೇಲೆ ಕೂಡಿಸಿದರೆ ಕೆಳಗೆ ಏನಾದರೂ ಬೇಕೇ ಬೇಕು.

ಇನ್ನು ಗಡಿನಾಡಿನ ನಾವು ಕಿವಿಗೊಟ್ಟು ಕೇಳಬೇಕಾದ ಮಾತು ವೇಲ್ಸಿನದು. ಅಲ್ಲಿನ ವೆಲ್ಷ್ ಭಾಷೆ ಇಂಗ್ಲಿಷಿನ ನಡುವೆ ಉಳಿದುಬಂದ ಭಾಷೆ. 1996ರಲ್ಲಿ ಅಲ್ಲಿ 8 ಕೌಂಟಿ, 37 ಡಿಸ್ಟ್ರಿಕ್ಟುಗಳ ಬದಲು 22 ಮಂಡಳಿಗಳಾದವು. ಹಳೆಯ ಗ್ವಿನೆಡ್ ಕೌಂಟಿಯ ಐದು ಡಿಸ್ಟ್ರಿಕ್ಟುಗಳಲ್ಲಿ ಆಂಗಲ್ಸೀ ದ್ವೀಪ ಬೇರೆಯಾಯಿತು. ಮೂರು ಕೂಡಿ ಹೊಸ ಗ್ವಿನೆಡ್ ಆಯಿತು. ಉಳಿದ ಅಬರ್‌ಕಾನ್ವಿಯನ್ನು, ಇಂಗ್ಲಿಷ್ ಆಡುವವರೇ ಹೆಚ್ಚಾಗಿದ್ದ ಪಕ್ಕದ ಕಾಲ್ವಿನ್ ಜತೆ ಸೇರಿಸಿ ಕಾನ್ವಿ ಎಂದರು. 2021ರ ಜನಗಣತಿಯಂತೆ ಗ್ವಿನೆಡ್‌ನಲ್ಲಿ ವೆಲ್ಷ್ ಬಲ್ಲವರು ಶೇಕಡಾ 64, ಕಾನ್ವಿಯಲ್ಲಿ ಶೇಕಡಾ 26. ಗಡಿಗೆರೆಯಿಂದಲೇ ಈ ಅಂತರ ಹುಟ್ಟಿತೆನ್ನಲಾಗದು. ಆದರೆ ಗ್ವಿನೆಡ್‌ನ ಕಚೇರಿ ತನ್ನ ಒಳಗಿನ ಆಡಳಿತವನ್ನೇ ವೆಲ್ಷ್‌ನಲ್ಲಿ ನಡೆಸುತ್ತದೆ. ಬಹುಮತವಿದ್ದಲ್ಲಿ ಭಾಷೆಗೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ.

ನಮ್ಮ ಲೆಕ್ಕವೂ ಹೀಗೆಯೇ. ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು ಇದು: ಜಿಲ್ಲೆ, ತಾಲೂಕು, ಪುರಸಭೆಯಂಥ ಘಟಕದಲ್ಲಿ ಒಂದು ಭಾಷೆಯವರು ಶೇಕಡಾ 15ರಷ್ಟಾದರೂ ಇದ್ದರೆ ಮುಖ್ಯ ನಿಯಮ, ನೋಟೀಸುಗಳು ಆ ಭಾಷೆಯಲ್ಲೂ ಬರಬೇಕು. ಉದಾಹರಣೆಗೆ, 20,000 ಜನರ ಒಂದು ಪುರಸಭೆಯಲ್ಲಿ 6,000 ಕನ್ನಡಿಗರಿದ್ದಾರೆ ಎನ್ನೋಣ. ಅದು ಶೇಕಡಾ 30. ಕನ್ನಡಿಗರೇ ಇಲ್ಲದ 30,000 ಜನರ ಪ್ರದೇಶವನ್ನು ಅದಕ್ಕೆ ಸೇರಿಸಿ. ಒಬ್ಬ ಕನ್ನಡಿಗನೂ ಊರು ಬಿಡಲಿಲ್ಲ. ಆದರೂ ಪ್ರಮಾಣ ಶೇಕಡಾ 12ಕ್ಕೆ ಇಳಿಯಿತು. ಗೋಡೆಯ ಮೇಲಿನ ಕನ್ನಡ ನೋಟೀಸು ಮರೆಯಾಗಲು ಅಷ್ಟು ಸಾಕು.

ಹಾಗೆಂದು ವಿಲೀನವೆಲ್ಲ ಕೆಟ್ಟದ್ದಲ್ಲ. ಒಂದೇ ಬಾಗಿಲಿನ ಅನುಕೂಲ ನಮಗೂ ಬೇಕು. ಎಷ್ಟು ಸ್ತರ ಎಂಬುದರಷ್ಟೇ ಮುಖ್ಯ, ಯಾವ ಊರನ್ನು ಯಾವುದರ ಜತೆ ಸೇರಿಸುತ್ತಾರೆ ಎಂಬುದು. ಆದ್ದರಿಂದ ನಿಮ್ಮ ಊರಿನ ಗಡಿ ಬದಲಿಸುವ ಕರಡು ಪ್ರಕಟವಾದರೆ, ಅದನ್ನು ಓದಿಸಿ ಕೇಳಿ. ಭೂಪಟದ ಜತೆಗೆ ಜನಗಣತಿಯ ಭಾಷಾವಾರು ಅಂಕಿಗಳನ್ನೂ ಇಟ್ಟುಕೊಂಡು ಕೂಡಿಸಿ, ಭಾಗಿಸಿ ನೋಡಿ. ಆಕ್ಷೇಪವಿದ್ದರೆ ಅವಧಿಯೊಳಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಗೆರೆ ಎಳೆದ ಮೇಲೆ ಅಳಿಸುವುದು ಕಷ್ಟ. ಎಳೆಯುವ ಮೊದಲು ಮಾತಾಡುವುದು ನಮ್ಮ ಕೈಯಲ್ಲಿದೆ.